ಶರಣಪರಂಪರೆಯಲ್ಲಿ ಸಹಾಧ್ಯಯನ

೧

ವಿದ್ಯೆಯು ಮನುಷ್ಯನಿಗೆ ನಾಲ್ಕು ಪಾಲಾಗಿ ದೊರೆಯುವುದೆಂದು ನಮ್ಮ ಪ್ರಾಚೀನರು ಲೆಕ್ಕ ಹಾಕಿದ್ದಾರೆ. ಒಂದು ಪಾಲು ಗುರುವಿನಿಂದ, ಒಂದು ಪಾಲು ಸ್ವಬುದ್ಧಿಯಿಂದ, ಒಂದು ಪಾಲು ಸಹಪಾಠಿಗಳಿಂದ, ಉಳಿದ ಒಂದು ಪಾಲು ಕಾಲ ಕಳೆದಂತೆ ಪಕ್ವವಾಗಿ ಬರುವುದು. ಈ ನಾಲ್ಕರಲ್ಲಿ ಗುರುವಿನ ಪಾಲನ್ನು ಎಲ್ಲರೂ ಕೊಂಡಾಡುವರು. ಸ್ವಬುದ್ಧಿಯ ಪಾಲನ್ನು ಪ್ರತಿಯೊಬ್ಬನೂ ತನ್ನೊಳಗೆ ತಾನೇ ಕೊಂಡಾಡಿಕೊಳ್ಳುವನು. ಕಾಲದ ಪಾಲು ಬೇಡವೆಂದರೂ ಬರತಕ್ಕುದು. ಸಹಪಾಠಿಗಳ ಪಾಲನ್ನು ಮಾತ್ರ ವಿಚಾರಿಸುವವರು ವಿರಳ.

ಮಠಗಳ ಚರಿತ್ರೆಯನ್ನು ಬರೆಯುವವರೂ ಈ ವಿಷಯದಲ್ಲಿ ಬೇರೆಯಲ್ಲ. ಪೀಠಪರಂಪರೆ, ಕಟ್ಟಡಗಳ ನಿರ್ಮಾಣ, ಜಾತ್ರೆ ಉತ್ಸವಗಳ ವೈಭವ, ದಾಸೋಹದ ಮಹಿಮೆ, ಇವುಗಳನ್ನು ಅವರು ವಿಸ್ತಾರವಾಗಿ ನಿರೂಪಿಸುವರು. ಇವೆಲ್ಲ ಬರೆಯತಕ್ಕ ಸಂಗತಿಗಳೇ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಮಠದ ಜಗಲಿಯ ಮೇಲೆ ಒಂದೇ ದೀಪದ ಸುತ್ತ ಕುಳಿತು, ಒಬ್ಬರಿಗೆ ತಿಳಿಯದುದನ್ನು ಇನ್ನೊಬ್ಬರು ತಿಳಿಸಿಕೊಂಡು ಮೇಲೆ ಬಂದವರ ಕಥೆಯು ಬಹುಮಟ್ಟಿಗೆ ಬರೆಯಲ್ಪಡದೆಯೇ ಉಳಿದಿದೆ. ಶ್ರೀಮಠದ ಮಹೋತ್ಸವದ ಈ ಸ್ಮಾರಕ ಸಂಪುಟದಲ್ಲಿ ಆ ಮೂರನೆಯ ಪಾಲಿನ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳಬೇಕೆಂಬುದೇ ನಮ್ಮ ಉದ್ದೇಶವು. ಶರಣಧರ್ಮದಲ್ಲಿ ಜ್ಞಾನವು ಬೆಳೆದುದೂ ಉಳಿದುದೂ ಸಮಾನರು ಕೂಡಿ ಕುಳಿತು ಕಲಿತುದರಿಂದ. ಅನ್ನದಾಸೋಹದಷ್ಟೇ ಈ ಸಹಾಧ್ಯಯನವೂ ಮಠಗಳ ಕರ್ತವ್ಯವಾಗಿದ್ದಿತು. ಇಂದಿಗೂ ಅದು ಹಾಗೆಯೇ ಆಗಬೇಕು ಎಂಬುದನ್ನು ತೋರಿಸಲು ಯತ್ನಿಸುವೆವು.

ಈ ಮಾತುಗಳನ್ನು ಬರೆಯುವಾಗ ಬೆಂಗಳೂರಿನ ಪಶ್ಚಿಮಭಾಗದ ಕಾಮಾಕ್ಷಿಪಾಳ್ಯವೂ ಅದರ ನೆರೆಹೊರೆಯೂ ನಮ್ಮ ಕಣ್ಣ ಮುಂದಿವೆ. ಪಾಳ್ಯವು ಮಾಗಡಿಯ ಹೆದ್ದಾರಿಯ ಮೇಲಿದೆ. ನೆರೆಯಲ್ಲಿಯೇ ಬಸವಣ್ಣನವರ ಹೆಸರನ್ನು ಹೊತ್ತ ಬಸವೇಶ್ವರನಗರವಿದೆ. ಈ ದಾರಿಯನ್ನು ಹಿಡಿದು ಪಡುವಲಿಗೆ ನಡೆದರೆ ಮಾಗಡಿಯ ಸೀಮೆಯು ಸಿಕ್ಕುವುದು. ಅಲ್ಲಿಂದ ಕುಣಿಗಲಿಗೂ, ಮುಂದೆ ತೋಂಟದ ಸಿದ್ಧಲಿಂಗ ಯತಿಗಳ ಗದ್ದುಗೆಯಿರುವ ಎಡೆಯೂರಿಗೂ ಹೋಗಬಹುದು. ನಾವು ಹೇಳಲಿರುವ ಚರಿತ್ರೆಯ ಒಂದೆರಡು ಮುಖ್ಯ ಪ್ರಕರಣಗಳು ಇದೇ ದಾರಿಯ ಆಚೆ ಈಚೆ ನಡೆದಂಥವು. ಆದುದರಿಂದ ಇದು ಪಾಳ್ಯದ ವಾಚಕರಿಗೆ ದೂರದ ಕಥೆಯೆಂದು ತೋರಲಾರದು.

೨

ಹನ್ನೆರಡನೆಯ ಶತಮಾನದ ಕಲ್ಯಾಣವೇ ಈ ಚರಿತ್ರೆಯ ಮೊದಲ ಅಧ್ಯಾಯವು. ಬಿಜ್ಜಳನ ರಾಜ್ಯದಲ್ಲಿ ಭಂಡಾರದ ಅಧಿಕಾರವನ್ನು ವಹಿಸಿದ್ದ ಬಸವಣ್ಣನವರ ಮಹಾಮನೆಯಲ್ಲಿ ಶರಣರು ನೆರೆದು ಅನುಭಾವಗೋಷ್ಠಿಯನ್ನು ನಡೆಯಿಸುತ್ತಿದ್ದರೆಂದೂ, ಅದಕ್ಕೆ ಅಲ್ಲಮಪ್ರಭುಗಳು ಅಧ್ಯಕ್ಷರಾಗಿದ್ದರೆಂದೂ ಪರಂಪರೆಯು ಹೇಳುವುದು. ಅನುಭವಮಂಟಪವೆಂಬುದು ಕಲ್ಲುಕಂಬಗಳಿಂದ ಕಟ್ಟಿದ ಒಂದು ಸೌಧವಾಗಿದ್ದಿತೇ, ಅಥವಾ ಶರಣರ ಕೂಟಕ್ಕೇ ಆ ಹೆಸರು ಸಂದಿತೇ ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಅಭಿಪ್ರಾಯಭೇದವುಂಟು. ಗೋಷ್ಠಿಯ ಸಂವಾದಗಳನ್ನು ಕ್ರಮವಾಗಿ ಜೋಡಿಸಿ ಹೇಳುವ ಶೂನ್ಯಸಂಪಾದನೆಯು ಕಲ್ಯಾಣದ ಕಾಲಕ್ಕಿಂತ ಎರಡು ಮೂರು ಶತಮಾನಗಳ ತರುವಾಯದ ಗ್ರಂಥವೆಂಬುದನ್ನೂ ಮರೆಯಲಾಗದು. ಆದರೆ ಕಟ್ಟಡದ ಪ್ರಶ್ನೆಯನ್ನು ಬದಿಗಿಟ್ಟರೂ ಕೂಟದ ವಿಷಯದಲ್ಲಿ ವಚನಗಳೇ ಸಾಕ್ಷಿಯಾಗಿವೆ. ಒಬ್ಬ ಶರಣನ ವಚನದಲ್ಲಿ ಮತ್ತೊಬ್ಬ ಶರಣನ ಹೆಸರು ಮೇಲಿಂದ ಮೇಲೆ ಬರುವುದು. ಬಸವಣ್ಣನವರು ಮಾದಾರ ಚೆನ್ನಯ್ಯನನ್ನೂ ಡೋಹರ ಕಕ್ಕಯ್ಯನನ್ನೂ ತಮ್ಮ ಬಂಧುಗಳೆಂದು ಸ್ಮರಿಸುವರು; ಅಕ್ಕಮಹಾದೇವಿಯು ಬಸವಣ್ಣ, ಚೆನ್ನಬಸವಣ್ಣ, ಪ್ರಭುದೇವರನ್ನು ಹೆಸರಿಟ್ಟು ತಾನು ಅವರಿಂದ ಪಡೆದುದೇನೆಂಬುದನ್ನು ಹೇಳಿಕೊಳ್ಳುವಳು. ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬೀಳದ ಹೊರತು ಇಂಥ ವಾಙ್ಮಯವು ಹುಟ್ಟಲಾರದು.

ಆ ಕೂಟದಲ್ಲಿ ಯಾರು ಯಾರಿದ್ದರೆಂಬುದನ್ನು ಗಮನಿಸಬೇಕು. ಅಂಬಿಗರ ಚೌಡಯ್ಯನು ದೋಣಿ ನಡೆಯಿಸುವವನು. ನುಲಿಯ ಚಂದಯ್ಯನು ಹಗ್ಗ ಹೊಸೆಯುವವನು. ಮಡಿವಾಳ ಮಾಚಯ್ಯನು ಬಟ್ಟೆ ಒಗೆಯುವವನು. ಆಯ್ದಕ್ಕಿಯ ಮಾರಯ್ಯ ಲಕ್ಕಮ್ಮ ದಂಪತಿಗಳು ಬಿದ್ದ ಅಕ್ಕಿಯನ್ನು ಆಯ್ದು ಬದುಕುವವರು. ಮೂವತ್ತಕ್ಕೂ ಮಿಕ್ಕ ಶರಣೆಯರ ವಚನಗಳು ನಮಗೆ ದೊರೆತಿವೆ. ಅದುವರೆಗಿನ ವಿದ್ಯಾಸ್ಥಾನಗಳಲ್ಲಿ ಇವರಲ್ಲಿ ಬಹುಮಂದಿಗೆ ಪ್ರವೇಶವೇ ಇರಲಿಲ್ಲ. ಅಗ್ರಹಾರದ ಪಾಠವು ಮೇಲಿನಿಂದ ಕೆಳಕ್ಕೆ ಇಳಿಯತಕ್ಕುದು. ಗುರುವು ಹೇಳುವನು, ಶಿಷ್ಯನು ಗ್ರಹಿಸುವನು. ಶರಣರ ಗೋಷ್ಠಿಯಲ್ಲಿಯಾದರೋ ಪ್ರಶ್ನೆಯು ಯಾವ ದಿಕ್ಕಿನಿಂದಲಾದರೂ ಏಳಬಹುದಾಗಿದ್ದಿತು. ಶೂನ್ಯಸಂಪಾದನೆಯು ಚಿತ್ರಿಸುವಂತೆ, ಮಹಾದೇವಿಯಕ್ಕನು ಕಲ್ಯಾಣಕ್ಕೆ ಬಂದಾಗ ಪ್ರಭುದೇವರು ಅವಳನ್ನು ಕಠಿನವಾಗಿ ಪ್ರಶ್ನಿಸುವರು. ಅವಳು ಒಂದೊಂದಕ್ಕೂ ಉತ್ತರವನ್ನು ಕೊಡುವಳು. ಕೊನೆಗೆ ಗೋಷ್ಠಿಯೇ ಅವಳನ್ನು ಹಿರಿಯಳೆಂದು ಒಪ್ಪಿಕೊಳ್ಳುವುದು. ಅಲ್ಲಿ ಒಬ್ಬರ ಸ್ಥಾನವು ನಿರ್ಣಯವಾದುದು ವಯಸ್ಸಿನಿಂದಲ್ಲ, ಕುಲದಿಂದಲ್ಲ. ಪ್ರಶ್ನೆಗೆ ನಿಂತು ಉತ್ತರ ಕೊಟ್ಟುದರಿಂದ.

ಮತ್ತೊಂದು ಪ್ರಸಂಗವು ನಮ್ಮ ಪ್ರಕೃತ ವಿಷಯಕ್ಕೆ ಇನ್ನೂ ಸಮೀಪವಾದುದು. ಮಾರಯ್ಯನು ಪ್ರಭುದೇವರೊಡನೆ ಅನುಭಾವದ ಮಾತಿನಲ್ಲಿ ಮೈಮರೆತು ಕುಳಿತಿರಲು, ಹೆಂಡತಿಯಾದ ಲಕ್ಕಮ್ಮನು ಬಂದು ಕಾಯಕವು ನಿಂತಿತೆಂಬುದನ್ನು ನೆನಪಿಗೆ ತರುವಳು. ಅವನು ಎದ್ದು ಹೋಗಿ ಅವಸರದಲ್ಲಿ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರಬೇಕೆಂದು ತಿದ್ದುವಳು. ಇದರಿಂದ ಎರಡು ಸಂಗತಿಗಳು ತಿಳಿದುಬರುವುವು. ಗೋಷ್ಠಿಯು ದುಡಿಮೆಯನ್ನು ಬಿಟ್ಟು ಮಾಡತಕ್ಕ ವಿನೋದವಲ್ಲ. ತಿದ್ದುವವರು ಹಿರಿಯ ಪೀಠದಲ್ಲಿ ಕುಳಿತವರೇ ಆಗಬೇಕಾಗಿಲ್ಲ. ಜೊತೆಯಲ್ಲಿ ಬಾಳುವವರು ಆಗಬಹುದು. ಸಹಾಧ್ಯಯನದ ತತ್ತ್ವವೆಲ್ಲವೂ ಈ ಚಿಕ್ಕ ಕಥೆಯಲ್ಲಿ ಅಡಗಿದೆಯೆಂದರೆ ಅತಿಶಯೋಕ್ತಿಯಾಗದು.

೩

ಆ ಶತಮಾನದ ಉತ್ತರಾರ್ಧದಲ್ಲಿ ಕಲ್ಯಾಣದಲ್ಲಿ ಕ್ಷೋಭೆಯುಂಟಾಗಿ ಶರಣರು ಚದುರಿದರು. ರಾಜಾಶ್ರಯವು ತಪ್ಪಿತು, ನಾಯಕರು ಅಗಲಿದರು. ಆದರೂ ವಚನಗಳು ನಾಶವಾಗಲಿಲ್ಲ. ಓಲೆಗಳನ್ನು ಹೊತ್ತುಕೊಂಡು ಊರೂರಿಗೆ ಹೋದವರು ಅಲ್ಲಲ್ಲಿ ಕೂಡಿ ಅವುಗಳನ್ನು ಓದಿದರು, ಹಾಡಿದರು, ಪ್ರತಿ ಮಾಡಿಕೊಂಡರು. ವಿಜಯನಗರದ ಪ್ರೌಢದೇವರಾಯನ ಆಳಿಕೆಯಲ್ಲಿ, ಎಂದರೆ ೧೪೨೪ರಿಂದ ೧೪೪೬ರವರೆಗಿನ ಕಾಲದಲ್ಲಿ, ಈ ಕಾರ್ಯಕ್ಕೆ ಹೊಸ ಚೈತನ್ಯವು ಬಂದಿತು. ದಂಡನಾಯಕನಾದ ಲಕ್ಕಣ್ಣ ದಂಡೇಶನು ತಾನೇ ಶಿವತತ್ತ್ವ ಚಿಂತಾಮಣಿಯನ್ನು ರಚಿಸಿದನು. ಜಕ್ಕಣಾರ್ಯನು ವಚನಗಳನ್ನು ನೂರೊಂದು ಸ್ಥಲಗಳಾಗಿ ವಿಂಗಡಿಸಿದನು. ಚಾಮರಸನು ಪ್ರಭುಲಿಂಗಲೀಲೆಯನ್ನು ಬರೆದನು. ನೂರೊಂದು ವಿರಕ್ತರು ಆ ಕಾಲದಲ್ಲಿ ಇದ್ದರೆಂದು ಪರಂಪರೆಯ ಎಣಿಕೆ. ಎಣಿಕೆಯು ಸಾಂಕೇತಿಕವೆಂದು ಇಟ್ಟುಕೊಂಡರೂ, ಅದು ಏಕಾಂಗಿಯಾದ ಒಬ್ಬ ಪಂಡಿತನ ಕಾಲವಾಗಿರಲಿಲ್ಲ, ಒಂದು ಸಮುದಾಯದ ಅಧ್ಯಯನದ ಕಾಲವಾಗಿದ್ದಿತು ಎಂಬುದು ಸ್ಪಷ್ಟವಾಗಿದೆ.

ಶೂನ್ಯಸಂಪಾದನೆಯ ಚರಿತ್ರೆಯೇ ಇದಕ್ಕೆ ಪ್ರಬಲವಾದ ನಿದರ್ಶನವು. ಈ ಗ್ರಂಥವು ಒಂದಲ್ಲ, ನಾಲ್ಕು. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಮೊದಲು ಸಂಪಾದಿಸಿದನು. ತರುವಾಯ ಹಲಗೆಯಾರ್ಯನೂ, ಗುಮ್ಮಳಾಪುರದ ಸಿದ್ಧಲಿಂಗಯತಿಯೂ, ಗೂಳೂರು ಸಿದ್ಧವೀರಣ್ಣೊಡೆಯರೂ ಅದನ್ನೇ ಮತ್ತೆ ಮತ್ತೆ ಪರಿಷ್ಕರಿಸಿದರು. ಸೊನ್ನಲಿಗೆಯ ಸಿದ್ಧರಾಮನ ಲಿಂಗದೀಕ್ಷೆಯ ಪ್ರಸಂಗವು ಮೊದಲನೆಯ ಸಂಪಾದನೆಯಲ್ಲಿ ಇಲ್ಲ. ಆಮೇಲಿನ ಪರಿಷ್ಕರಣದಲ್ಲಿ ಅದು ಸೇರಿತು. ಆ ಸೇರ್ಪಡೆಯು ಸರಿಯೇ ತಪ್ಪೇ ಎಂಬ ಚರ್ಚೆಯು ಇಂದಿನವರೆಗೂ ನಡೆದಿದೆ. ಆದರೆ ಇಲ್ಲಿ ನಾವು ಕಾಣಬೇಕಾದುದು ಬೇರೆ: ಹಿಂದಿನವನು ಬರೆದುದನ್ನು ಮುಂದಿನವನು ಕೈಮುಗಿದು ಸುಮ್ಮನೆ ಪ್ರತಿ ಮಾಡಲಿಲ್ಲ, ಓದಿ, ಆಕ್ಷೇಪಿಸಿ, ತಿದ್ದಿ, ಕೂಡಿಸಿದನು. ಗೌರವವೂ ಆಕ್ಷೇಪಣೆಯೂ ಒಂದೇ ಜಗಲಿಯ ಮೇಲೆ ಕುಳಿತಿದ್ದುವು. ಗೂಳೂರು ತುಮಕೂರಿನ ಬಳಿಯ ಊರು. ಸಿದ್ಧವೀರಣ್ಣೊಡೆಯರು ಎಡೆಯೂರಿನ ತೋಂಟದ ಸಿದ್ಧಲಿಂಗರ ಶಿಷ್ಯಪರಂಪರೆಗೆ ಸೇರಿದವರು. ಸಿದ್ಧಲಿಂಗರು ಏಳು ನೂರು ವಿರಕ್ತರೊಡನೆ ಸಂಚರಿಸುತ್ತಿದ್ದರೆಂದು ಹೇಳಿಕೆಯುಂಟು. ನಡೆಯುತ್ತಲೇ ಕಲಿಯುವ, ತಂಗಿದ ಊರಿನಲ್ಲಿ ಓಲೆ ಬಿಚ್ಚಿ ಚರ್ಚಿಸುವ ಈ ಚರಮಠವೇ ನಮ್ಮ ಪಶ್ಚಿಮದ ದಾರಿಯ ಕೊನೆಯಲ್ಲಿರುವ ಆ ಕ್ಷೇತ್ರದ ನಿಜವಾದ ಭಂಡಾರವಾಗಿದ್ದಿತು.

೪

ಮಧ್ಯಕಾಲದಿಂದ ಆಧುನಿಕ ಕಾಲಕ್ಕೆ ಬರುವ ಮುನ್ನ ಒಂದು ಶಬ್ದದ ವಿಚಾರವನ್ನು ಮಾಡುವುದು ಉಚಿತವು. ಕನ್ನಡ ನಾಡಿನ ಹಳ್ಳಿಗಳಲ್ಲಿ 'ಮಠ'ವೆಂದರೆ ಶಾಲೆಯೆಂಬ ಅರ್ಥವೇ ಬಹುಕಾಲ ರೂಢಿಯಲ್ಲಿದ್ದಿತು. ಊರವರು ಕೊಟ್ಟ ಕೂಲಿಯಿಂದಲೂ ಕಾಳಿನಿಂದಲೂ ನಡೆಯುತ್ತಿದ್ದುದರಿಂದ ಅದನ್ನು ಕೂಲಿಮಠವೆಂದು ಕರೆಯುತ್ತಿದ್ದರು. ಕಲಿಸುವ ಅಯ್ಯನವರು ಅನೇಕ ಕಡೆ ಜಂಗಮರೇ ಆಗಿರುತ್ತಿದ್ದರು. ಅಯ್ಯನವರು ಒಬ್ಬರು, ಹುಡುಗರು ಹಲವರು, ಪುಸ್ತಕಗಳು ಇಲ್ಲ. ಆದುದರಿಂದ ಮುಂದುವರಿದ ಹುಡುಗನು ಹೊಸಬನ ಕೈಹಿಡಿದು ಮರಳಿನಲ್ಲಿ ಅಕ್ಷರವನ್ನು ತಿದ್ದಿಸುವನು. ಒಬ್ಬನು ಮಗ್ಗಿಯನ್ನು ಹೇಳಿಕೊಟ್ಟರೆ ಉಳಿದವರು ಒಕ್ಕೊರಲಿನಿಂದ ಅದನ್ನು ಹೇಳುವರು.

ಈ ಬಡ ಪದ್ಧತಿಯು ಸಮುದ್ರವನ್ನು ದಾಟಿದ ಕಥೆಯು ಬಹುಮಂದಿಗೆ ತಿಳಿಯದು. ಮದ್ರಾಸಿನ ಎಗ್ಮೋರಿನಲ್ಲಿದ್ದ ಅನಾಥ ಬಾಲಕರ ಶಾಲೆಗೆ ೧೭೮೯ರಲ್ಲಿ ಮೇಲ್ವಿಚಾರಕನಾಗಿ ಬಂದ ಆಂಡ್ರೂ ಬೆಲ್ ಎಂಬ ಪಾದ್ರಿಯು, ದಕ್ಷಿಣದೇಶದ ದೇಶೀಯ ಶಾಲೆಯೊಂದರಲ್ಲಿ ಮಕ್ಕಳು ಮರಳಿನ ಮೇಲೆ ಬರೆಯುತ್ತಿದ್ದುದನ್ನು ಕಂಡನು. ತನ್ನ ಉಪಾಧ್ಯಾಯರು ಆ ಕ್ರಮವನ್ನು ಒಲ್ಲದೆ ಹೋದಾಗ, ಎಂಟು ವರುಷದ ಒಬ್ಬ ಹುಡುಗನನ್ನೇ ಕಿರಿಯರಿಗೆ ಅಕ್ಷರ ಕಲಿಸಲು ನಿಯಮಿಸಿದನು. ಫಲವು ಚೆನ್ನಾಗಿ ಬಂದುದರಿಂದ ೧೭೯೭ರಲ್ಲಿ ಲಂಡನ್ನಿನಲ್ಲಿ ಆ ವಿಷಯವನ್ನು ಪ್ರಕಟಿಸಿದನು. ಮದ್ರಾಸು ಪದ್ಧತಿಯೆಂಬ ಹೆಸರಿನಿಂದ ಅದು ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳಲ್ಲಿ ಹರಡಿತು. ಆದರೆ ಅಲ್ಲಿ ಒಬ್ಬೊಬ್ಬ ಉಪಾಧ್ಯಾಯನ ಕೈಗೆ ನೂರಾರು ಮಕ್ಕಳನ್ನು ಒಪ್ಪಿಸಿ, ಹಿರಿಯ ಹುಡುಗರನ್ನು ಮೇಸ್ತ್ರಿಗಳಂತೆ ನಿಲ್ಲಿಸಿದುದರಿಂದ, ಕಲಿಕೆಯು ಯಂತ್ರದಂತಾಗಿ ಕ್ರಮೇಣ ಆ ಪದ್ಧತಿಯು ಹಿಂದೆ ಬಿದ್ದಿತು. ಕಲಿತವನು ಕಲಿಯದವನಿಗೆ ಕಲಿಸಬಲ್ಲನೆಂಬುದನ್ನು ಬೆಲ್ಲನು ನಮ್ಮಿಂದ ಅರಿತನು. ಕೇಳುವವನಿಗೂ ಮಾತಿನ ಸ್ವಾತಂತ್ರ್ಯವಿರಬೇಕೆಂಬುದು ಆ ಪದ್ಧತಿಗೆ ಸೇರದೆ ಹೋಯಿತು. ಆ ಎರಡನೆಯ ಗುಣವಿಲ್ಲದ ಕೂಟವು ಗೋಷ್ಠಿಯಾಗದು.

೫

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನಮ್ಮ ಜನರ ಮುಂದೆ ಹೊಸ ಕಷ್ಟವೊಂದು ಬಂದು ನಿಂತಿತು. ಪ್ರೌಢಶಾಲೆಗಳೂ ಕಾಲೇಜುಗಳೂ ಪಟ್ಟಣಗಳಲ್ಲಿ. ನಮ್ಮ ಜನರಲ್ಲಿ ಬಹುಭಾಗವು ಹಳ್ಳಿಗಳಲ್ಲಿ. ಹಳ್ಳಿಯ ಹುಡುಗನು ಪಟ್ಟಣಕ್ಕೆ ಬಂದರೆ ಉಣ್ಣುವುದೆಲ್ಲಿ, ಮಲಗುವುದೆಲ್ಲಿ? ಈ ಪ್ರಶ್ನೆಗೆ ಉತ್ತರವಾಗಿ ಹುಟ್ಟಿದುವೇ ವಿದ್ಯಾರ್ಥಿನಿಧಿಗಳು ಮತ್ತು ಪ್ರಸಾದನಿಲಯಗಳು. ೧೮೮೩ರಲ್ಲಿ ಧಾರವಾಡದಲ್ಲಿ ಅರಟಾಳ ರುದ್ರಗೌಡರು, ಗಿಲಗಂಚಿ ಗುರುಸಿದ್ದಪ್ಪನವರು ಮೊದಲಾದ ಮಹನೀಯರು ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯನ್ನು ಸ್ಥಾಪಿಸಿದರು. ಹಾನಗಲ್ಲ ಕುಮಾರಸ್ವಾಮಿಗಳು ೧೯೦೪ರಲ್ಲಿ ವೀರಶೈವ ಮಹಾಸಭೆಯನ್ನೂ, ೧೯೦೯ರಲ್ಲಿ ಬಾದಾಮಿಯ ಸಮೀಪ ಮಲಪ್ರಭೆಯ ದಂಡೆಯಲ್ಲಿ ಶಿವಯೋಗಮಂದಿರವನ್ನೂ ಸ್ಥಾಪಿಸಿದರು. ೧೯೧೬ರಲ್ಲಿ ಏಳು ಮಂದಿ ತರುಣ ಅಧ್ಯಾಪಕರು ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಗೆ ತಳಹದಿಯನ್ನು ಹಾಕಿದರು. ಸಪ್ತರ್ಷಿಗಳೆಂದು ಜನರು ಅವರನ್ನು ಗೌರವಿಸುವರು. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು ೧೯೧೭ರಲ್ಲಿ ಉಚಿತ ಪ್ರಸಾದನಿಲಯವನ್ನು ತೆರೆದರು.

ಮೈಸೂರು ಸೀಮೆಯಲ್ಲಿ ಈ ಕಾರ್ಯದ ಮೊದಲ ಸಾಲಿನಲ್ಲಿ ನಿಲ್ಲುವವರು ಗುಬ್ಬಿಯ ತೋಟದಪ್ಪನವರು. ೧೮೩೮ರಲ್ಲಿ ಜನಿಸಿ ೧೯೧೦ರಲ್ಲಿ ಲಿಂಗೈಕ್ಯರಾದ ಈ ವರ್ತಕರು ಬೆಂಗಳೂರಿನ ರೈಲ್ವೆ ನಿಲ್ದಾಣದ ಎದುರಿಗೆ ಕಟ್ಟಿಸಿದ ಧರ್ಮಛತ್ರವು ೧೯೦೩ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರವರ ಕಾಲದಲ್ಲಿ ಆರಂಭವಾಯಿತು. ಅವರ ಧರ್ಮದಿಂದ ನಡೆದ ವಿದ್ಯಾರ್ಥಿನಿಲಯವು ಹಳ್ಳಿಗಳಿಂದ ಬಂದ ಬಡ ಹುಡುಗರಿಗೆ ತೌರುಮನೆಯಾಯಿತು.

ಆ ನಿಲಯದಲ್ಲಿದ್ದು ಓದಿದವರಲ್ಲಿ ಒಬ್ಬರು ನಮ್ಮ ಇದೇ ಪಶ್ಚಿಮದ ಸೀಮೆಯವರು. ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ ೧೯೦೭ರ ಏಪ್ರಿಲ್ ೧ರಂದು ಹುಟ್ಟಿದ ಶಿವಣ್ಣನೆಂಬ ಬಾಲಕನು ತುಮಕೂರಿನಲ್ಲಿ ಪ್ರೌಢಶಾಲೆಯ ಓದನ್ನು ಮುಗಿಸಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಸೇರಿ, ತೋಟದಪ್ಪನವರ ನಿಲಯದಲ್ಲಿ ಆಶ್ರಯವನ್ನು ಪಡೆದನು. ಸಿದ್ಧಗಂಗಾಮಠದ ಉತ್ತರಾಧಿಕಾರಿಗಳಾಗಬೇಕಾಗಿದ್ದ ಮರುಳಾರಾಧ್ಯರು ಅವನ ಗೆಳೆಯರು. ೧೯೩೦ರ ಜನವರಿಯಲ್ಲಿ ಮರುಳಾರಾಧ್ಯರು ಅಕಾಲದಲ್ಲಿ ಲಿಂಗೈಕ್ಯರಾಗಲು, ಗೆಳೆಯನ ಕ್ರಿಯಾಸಮಾಧಿಗೆಂದು ಬಂದ ಈ ತರುಣನ ಮೇಲೆಯೇ ಉದ್ದಾನ ಶಿವಯೋಗಿಗಳ ದೃಷ್ಟಿಯು ನೆಲೆಸಿತು. ಹೀಗೆ ಸಹಪಾಠಿಯ ಸ್ನೇಹದ ದಾರಿಯಲ್ಲಿ ಬಂದವರೇ ಮುಂದೆ ಶ್ರೀ ಶಿವಕುಮಾರ ಸ್ವಾಮಿಗಳೆಂದು ಜಗದ್ವಿಖ್ಯಾತರಾದರು. ೧೯೪೧ರಲ್ಲಿ ಮಠದ ಪೂರ್ಣಭಾರವನ್ನು ವಹಿಸಿಕೊಂಡು, ೨೦೧೯ರ ಜನವರಿ ೨೧ರಂದು ಲಿಂಗೈಕ್ಯರಾಗುವವರೆಗೂ, ಜಾತಿಮತಗಳ ಎಣಿಕೆಯಿಲ್ಲದೆ ಸಹಸ್ರಾರು ಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ನೀಡಿದರು. ನಿಲಯದ ಸಾಲಿನಲ್ಲಿ ಉಂಡು ಓದಿದ ವಿದ್ಯಾರ್ಥಿಯೇ ಮುಂದೆ ನಾಡಿಗೆ ಅತಿದೊಡ್ಡ ಸಾಲನ್ನು ಹಾಸಿದನೆಂಬುದು ಇಲ್ಲಿಯ ವಿಶೇಷವು.

ಪ್ರಸಾದನಿಲಯದಲ್ಲಿ ವಿದ್ಯಾರ್ಥಿಗೆ ದೊರೆತುದೇನು? ಅನ್ನವು ದೊರೆಯಿತೆಂದರೆ ಅರ್ಧ ಮಾತನ್ನು ಹೇಳಿದಂತಾಗುವುದು. ಓದಿದ ಮನೆತನದ ಹುಡುಗನಿಗೆ ತಿಳಿಯದುದನ್ನು ಹೇಳಲು ಮನೆಯಲ್ಲಿಯೇ ಅಣ್ಣನೋ ಚಿಕ್ಕಪ್ಪನೋ ಇರುವರು. ವಂಶದಲ್ಲಿಯೇ ಮೊದಲಿಗನಾಗಿ ಪುಸ್ತಕವನ್ನು ಹಿಡಿದವನಿಗೆ ಅಂಥವರು ಯಾರು? ನಿಲಯದ ಜೊತೆಗಾರರೇ ಅವನಿಗೆ ಅಣ್ಣಂದಿರಾದರು. ಒಂದೇ ಪುಸ್ತಕವನ್ನು ನಾಲ್ವರು ಸುತ್ತ ಕುಳಿತು ಓದಿದರು. ಗಣಿತ ಬಲ್ಲವನು ಗಣಿತವನ್ನೂ, ಇಂಗ್ಲಿಷು ಬಲ್ಲವನು ಇಂಗ್ಲಿಷನ್ನೂ ಹಂಚಿದನು. ಅನ್ನದಾಸೋಹವು ಮಠದ್ದು, ಈ ವಿದ್ಯೆಯ ದಾಸೋಹವನ್ನು ವಿದ್ಯಾರ್ಥಿಗಳೇ ತಮ್ಮತಮ್ಮಲ್ಲಿ ನಡೆಯಿಸಿದರು.

ಚರಿತ್ರೆಯು ಸ್ತುತಿಪಾಠವಾಗಬಾರದಾದುದರಿಂದ ಇದರ ಕೊರತೆಯನ್ನೂ ಹೇಳಬೇಕು. ಆ ಕಾಲದಲ್ಲಿ ಜಾತಿಗೊಂದು ಸಂಘವೂ ಜಾತಿಗೊಂದು ವಿದ್ಯಾರ್ಥಿನಿಲಯವೂ ಹುಟ್ಟಿದುವು. ಹಿಂದುಳಿದ ಜನರು ಮೇಲೇಳಲು ಅದೊಂದು ಮೆಟ್ಟಿಲಾಯಿತೆಂಬುದು ನಿಜ. ಆದರೆ ಚೆನ್ನಯ್ಯ ಕಕ್ಕಯ್ಯರನ್ನು ಬಂಧುಗಳೆಂದ ಬಸವಣ್ಣನವರ ಹೆಸರಿನಲ್ಲಿ ನಡೆಯುವ ಮನೆಯ ಬಾಗಿಲು ಒಂದೇ ಜನಕ್ಕೆ ತೆರೆದರೆ, ಗೋಷ್ಠಿಯ ಮೂಲಧರ್ಮಕ್ಕೆ ಊನವಾದಂತೆಯೇ. ಆರಂಭದ ನಿಲಯಗಳು ಬಹುತೇಕ ಗಂಡುಹುಡುಗರವೇ ಆಗಿದ್ದುವು; ಅಕ್ಕನಿಗೂ ಲಕ್ಕಮ್ಮನಿಗೂ ಕಲ್ಯಾಣದಲ್ಲಿ ದೊರೆತ ಆಸನವು ಅವರ ಮೊಮ್ಮಕ್ಕಳಿಗೆ ಬಹುಕಾಲ ದೊರೆಯಲಿಲ್ಲ. ಸಿದ್ಧಗಂಗೆಯಂಥ ಮಠಗಳು ಎಲ್ಲ ಜಾತಿಯ ಮಕ್ಕಳನ್ನೂ ಒಂದೇ ಪಂಕ್ತಿಯಲ್ಲಿ ಕುಳ್ಳಿರಿಸಿ ಈ ಊನವನ್ನು ತಿದ್ದಿದುದೇ ಅವುಗಳ ಕೀರ್ತಿಗೆ ಮುಖ್ಯ ಕಾರಣವು.

೬

ಮಠವಿಲ್ಲದೆ, ನಿಲಯವಿಲ್ಲದೆ, ಪ್ರೌಢಶಾಲೆಯೂ ಇಲ್ಲದೆ ಗೆಳೆತನವೊಂದರಿಂದಲೇ ವಿದ್ಯೆಯನ್ನು ಸಂಪಾದಿಸಿದವರ ನಿದರ್ಶನವೂ ನಮ್ಮಲ್ಲಿ ಉಂಟು. ವಿಜಯಪುರ ಜಿಲ್ಲೆಯ ಹಲಸಂಗಿಯೆಂಬ ಹಳ್ಳಿಯಲ್ಲಿ ಚೆನ್ನಮಲ್ಲಪ್ಪ ಗಲಗಲಿಯವರಿದ್ದರು; ಮಧುರಚೆನ್ನರೆಂಬ ಕಾವ್ಯನಾಮದಿಂದ ಅವರನ್ನು ನಾಡು ಬಲ್ಲುದು. ಮುಲ್ಕಿ ಪರೀಕ್ಷೆಯ ಆಚೆಗೆ ಅವರ ಶಾಲೆಯ ಓದು ಸಾಗಲಿಲ್ಲ. ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬ ಮೊದಲಾದ ಗೆಳೆಯರೊಡನೆ ಕೂಡಿ, ಸ್ವಪ್ರಯತ್ನದಿಂದಲೇ ಇಂಗ್ಲಿಷನ್ನು ಕಲಿತು, ಅರವಿಂದರ ತತ್ತ್ವವನ್ನೂ ಕನ್ನಡದ ಹಳೆಯ ಕಾವ್ಯಗಳನ್ನೂ ಅಭ್ಯಾಸ ಮಾಡಿದರು. ಬೀಸುವ ಕಲ್ಲಿನ ಮುಂದೆ ಕುಳಿತ ಹೆಂಗಸರ ತ್ರಿಪದಿಗಳನ್ನು ಈ ಗೆಳೆಯರು ಬರೆದುಕೊಂಡು ೧೯೩೧ರಲ್ಲಿ ಗರತಿಯ ಹಾಡು ಎಂಬ ಹೆಸರಿನಿಂದ ಪ್ರಕಟಿಸಿದರು. ಕನ್ನಡ ಜಾನಪದದ ಅಭ್ಯಾಸಕ್ಕೆ ಅದು ಹೆದ್ದಾರಿಯಾಯಿತು. ಬೇರೆ ಬೇರೆ ಮನೆತನದ, ಬೇರೆ ಬೇರೆ ಮತದ ಈ ಗೆಳೆಯರು ಓದಿನ ಹಸಿವೊಂದರಿಂದಲೇ ಒಂದಾಗಿದ್ದರೆಂಬುದನ್ನು ನೆನೆದರೆ ಹೃದಯವು ತುಂಬಿ ಬರುವುದು.

ಧಾರವಾಡದಲ್ಲಿ ಬೇಂದ್ರೆಯವರ ಸುತ್ತ ನೆರೆದ ಗೆಳೆಯರ ಗುಂಪು, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಎ. ಆರ್. ಕೃಷ್ಣಶಾಸ್ತ್ರಿಗಳ ಪ್ರೇರಣೆಯಿಂದ ನಡೆದ ಕರ್ನಾಟಕ ಸಂಘ, ೧೯೪೫ರಲ್ಲಿ ಡಿ. ವಿ. ಗುಂಡಪ್ಪನವರು ಸ್ಥಾಪಿಸಿದ ಗೋಖಲೆ ಸಂಸ್ಥೆಯ ಅಧ್ಯಯನಗೋಷ್ಠಿಗಳು, ಇವೂ ಇದೇ ಜಾತಿಯವು. ವಚನವಾಙ್ಮಯದ ಉದ್ಧಾರವೂ ಇದೇ ಕ್ರಮದಲ್ಲಿ ಸಾಗಿತು. ಫ. ಗು. ಹಳಕಟ್ಟಿಯವರು ಮನೆಮನೆಗೆ ಅಲೆದು ಓಲೆಗಳನ್ನು ಕೂಡಿಸಿ ೧೯೨೩ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದಾಗ ಬಹುಮಟ್ಟಿಗೆ ಏಕಾಂಗಿಗಳು. ಆದರೆ ಅವರು ೧೯೨೬ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿ ಓದುಗರ ಬಳಗವೊಂದನ್ನು ಕಟ್ಟಿದರು. ಆ ಬಿತ್ತಿನ ಫಲವನ್ನು ಮುಂದಿನ ತಲೆಮಾರು ಕೂಡಿಯೇ ಕೊಯ್ದಿತು. ಕರ್ನಾಟಕ ವಿಶ್ವವಿದ್ಯಾಲಯವು ೧೯೬೫ರಿಂದ ೧೯೭೨ರವರೆಗೆ ಐದು ಸಂಪುಟಗಳಲ್ಲಿ ಹೊರತಂದ ಶೂನ್ಯಸಂಪಾದನೆಯ ಇಂಗ್ಲಿಷ್ ಅನುವಾದವು ನಂದೀಮಠ, ಮೆನೆಜಿಸ್, ಹಿರೇಮಠ, ಭೂಸನೂರಮಠ, ಸುಂಕಾಪುರ ಇವರ ಕೂಡುದುಡಿಮೆಯು, ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ೧೯೯೩ರಲ್ಲಿ ಹದಿನೈದು ಸಂಪುಟಗಳಾಗಿ ಬಂದ ಸಮಗ್ರ ವಚನಸಾಹಿತ್ಯವು ಅನೇಕ ವಿದ್ವಾಂಸರ ಕೂಡುದುಡಿಮೆಯು. ಗೋಷ್ಠಿಯಲ್ಲಿ ಹುಟ್ಟಿದ ಮಾತು ಗೋಷ್ಠಿಯಿಂದಲೇ ಮರಳಿ ಬೆಳಕನ್ನು ಕಂಡಿತು.

೭

ಈ ಎಂಟು ನೂರು ವರುಷಗಳ ಅನುಭವದಿಂದ ಸಹಾಧ್ಯಯನದ ಪ್ರಯೋಜನಗಳನ್ನು ಒಟ್ಟುಗೂಡಿಸಿ ಹೇಳಬಹುದು. ಮೊದಲನೆಯದಾಗಿ, ಸಂಕೋಚವು ನೀಗುವುದು. ಗುರುವಿನ ಮುಂದೆ ಕೇಳಲು ಅಂಜುವ ಪ್ರಶ್ನೆಯನ್ನು ಹುಡುಗನು ಗೆಳೆಯನ ಮುಂದೆ ಕೇಳುವನು. ಕೇಳದೆ ನುಂಗಿದ ಪ್ರಶ್ನೆಯೇ ಮುಂದೆ ಪರೀಕ್ಷೆಯ ದಿನ ಶತ್ರುವಾಗಿ ನಿಲ್ಲತಕ್ಕುದು. ಎರಡನೆಯದಾಗಿ, ಹೇಳಿಕೊಡುವವನಿಗೇ ಹೆಚ್ಚಿನ ಲಾಭವು. ತನಗೆ ತಿಳಿದಿದೆಯೆಂದು ಎಣಿಸಿದುದು ಇನ್ನೊಬ್ಬರಿಗೆ ಹೇಳಹೊರಟಾಗ ಎಲ್ಲಿ ತೊಡಕುವುದೋ ಅಲ್ಲಿಯೇ ತನ್ನ ಅಜ್ಞಾನದ ಗಡಿಯು ಗೋಚರವಾಗುವುದು. ಮೂರನೆಯದಾಗಿ, ನಿಯಮವು ನಿಲ್ಲುವುದು. ಒಬ್ಬನೇ ಮ‌ಾಡಿಕೊಂಡ ಸಂಕಲ್ಪವನ್ನು ಮೂರನೆಯ ದಿನ ಮುರಿಯುವುದು ಸುಲಭ; ನಾಲ್ವರು ಕಾಯುತ್ತಿರುವರೆಂದರೆ ಕಾಲು ತಾನಾಗಿ ಅತ್ತ ನಡೆಯುವುದು. ನಾಲ್ಕನೆಯದಾಗಿ, ಬೇರೊಬ್ಬರ ಅಭಿಪ್ರಾಯವನ್ನು ಸಹಿಸಿ, ತೂಗಿ, ಒಪ್ಪುವ ಅಥವಾ ವಿನಯದಿಂದ ನಿರಾಕರಿಸುವ ಅಭ್ಯಾಸವು ಆಗುವುದು. ಪರೀಕ್ಷೆಗಳು ಮುಗಿದ ಮೇಲೂ ಬಾಳಿನಲ್ಲಿ ಉಳಿಯತಕ್ಕ ವಿದ್ಯೆ ಇದೇ.

ದೋಷಗಳೂ ಇಲ್ಲದಿಲ್ಲ. ಕೂಟವು ಹರಟೆಗೆ ಇಳಿಯಬಹುದು. ಜಾಣನೊಬ್ಬನು ಬರೆದುದನ್ನು ಉಳಿದವರು ನಕಲು ಮಾಡಬಹುದು. ಮಾತಿನ ಮಲ್ಲನು ಮೌನಿಯ ಬಾಯನ್ನು ಕಟ್ಟಬಹುದು. ಇವುಗಳಿಗೆ ಮದ್ದನ್ನೂ ಚರಿತ್ರೆಯೇ ಹೇಳುವುದು. ಕೂಟವು ಚಿಕ್ಕದಾಗಿರಲಿ; ಇಂಗ್ಲೆಂಡಿನಲ್ಲಿ ಆ ಪದ್ಧತಿಯು ಕೆಟ್ಟುದು ಸಂಖ್ಯೆಯ ಅತಿರೇಕದಿಂದ. ಪ್ರತಿಯೊಬ್ಬನೂ ಒಮ್ಮೆ ಹೇಳುವವನೂ ಒಮ್ಮೆ ಕೇಳುವವನೂ ಆಗಲಿ. ತನ್ನ ಪಾಲಿನ ಓದನ್ನು ತಾನು ಮುಗಿಸಿಯೇ ಗೋಷ್ಠಿಗೆ ಬರಲಿ. ಕಾಯಕವನ್ನು ಮರೆತವನಿಗೆ ಗೋಷ್ಠಿಯ ಫಲವಿಲ್ಲವೆಂದು ಲಕ್ಕಮ್ಮನು ತೋರಿಸಿದ್ದಾಳೆ. ಎಲ್ಲರೂ ಕೂಡಿ ತಪ್ಪು ದಾರಿಯನ್ನು ಹಿಡಿಯದಂತೆ ವಾರಕ್ಕೊಮ್ಮೆಯಾದರೂ ಬಲ್ಲವರೊಬ್ಬರು ಬಂದು ನೋಡಲಿ. ಪ್ರಭುದೇವರಿಲ್ಲದ ಅನುಭವಮಂಟಪವನ್ನು ಪರಂಪರೆಯು ಊಹಿಸಲಿಲ್ಲವೆಂಬುದನ್ನು ನೆನಪಿನಲ್ಲಿಡಬೇಕು.

೮

ಕೊನೆಯದಾಗಿ ಕಾಮಾಕ್ಷಿಪಾಳ್ಯದ ಮಾತು. ೧೯೪೯ರಲ್ಲಿ ನೆರೆಯ ರಾಜಾಜಿನಗರಕ್ಕೆ ತಳಹದಿಯು ಬಿದ್ದ ತರುವಾಯ ಬೆಂಗಳೂರಿನ ಈ ಪಶ್ಚಿಮಭಾಗವು ಕೈಗಾರಿಕೆಯ ಸೀಮೆಯಾಗಿ ಬೆಳೆಯಿತು. ಲೇತು, ಅಚ್ಚು, ಬೆಸುಗೆ, ಲೋಹದ ಬಿಡಿಭಾಗಗಳನ್ನು ಮಾಡುವ ಚಿಕ್ಕ ಚಿಕ್ಕ ಕಾರ್ಖಾನೆಗಳು ಪಾಳ್ಯದ ಓಣಿಗಳಲ್ಲಿ ತುಂಬಿವೆ. ನಾಡಿನ ನಾನಾ ಜಿಲ್ಲೆಗಳಿಂದ ಕಾಯಕವನ್ನು ಅರಸಿ ಬಂದ ಕುಟುಂಬಗಳು ಇಲ್ಲಿ ನೆಲೆಸಿವೆ. ಇವರು ಇಂದಿನ ಚೌಡಯ್ಯರು, ಚಂದಯ್ಯರು. ಇವರ ಕಾಯಕಕ್ಕೆ ನಾವು ತಲೆಬಾಗುವೆವು. ಆದರೆ ಇವರ ಮಕ್ಕಳ ಓದಿನ ಸ್ಥಿತಿಯನ್ನು ಯೋಚಿಸಬೇಕು. ಒಂದೇ ಕೋಣೆಯ ಮನೆಯಲ್ಲಿ ಅಡಿಗೆಯೂ ನಿದ್ದೆಯೂ ದೂರದರ್ಶನವೂ ನಡೆಯುವಾಗ ಪುಸ್ತಕವನ್ನು ಬಿಚ್ಚುವುದೆಲ್ಲಿ? ಪಾಳಿಯ ಕೆಲಸವನ್ನು ಮುಗಿಸಿ ಬಂದ ತಂದೆಗೆ ಬೀಜಗಣಿತವು ಬಾರದು, ಮನೆಪಾಠಕ್ಕೆ ಹಣವಿಲ್ಲ, ಕೈಯಲ್ಲಿರುವ ಮೊಬೈಲು ಸಾವಿರ ಪಾಠಗಳನ್ನು ತೋರಿಸಿದರೂ, ನಿನಗೆ ಎಲ್ಲಿ ತಿಳಿಯಲಿಲ್ಲ ಮಗು ಎಂದು ಎದುರಿಗೆ ಕುಳಿತು ಕೇಳುವುದಿಲ್ಲ. ಹತ್ತನೆಯ ತರಗತಿಯಲ್ಲಿ ಒಂದು ವಿಷಯವು ಕೈಕೊಟ್ಟಿತೆಂದು ಓದನ್ನೇ ಬಿಟ್ಟು ಯಂತ್ರದ ಮುಂದೆ ನಿಲ್ಲುವ ಬಾಲಕನಿಗೆ ಕಾಯಕವು ಆರಿಸಿಕೊಂಡದ್ದಾಗದೆ ಗತಿಯಿಲ್ಲದೆ ಒದಗಿದ್ದಾಗುವುದು. ಅವನಿಗೂ ಓದಿಗೂ ನಡುವೆ ನಿಂತುದು ಎಷ್ಟೋ ವೇಳೆ ಬುದ್ಧಿಯ ಕೊರತೆಯಲ್ಲ, ಕೇಳದೆ ಉಳಿದ ಹತ್ತಾರು ಪ್ರಶ್ನೆಗಳು.

ಇದಕ್ಕೆ ಬೇಕಾದುದು ದೊಡ್ಡ ಬಂಡವಾಳವಲ್ಲ. ಶ್ರೀಮಠಗಳ ಪ್ರಾಂಗಣಗಳೂ ಸಮುದಾಯದ ಭವನಗಳೂ ಮದುವೆ ಮುಂಜಿಗಳಿಲ್ಲದ ದಿನಗಳಲ್ಲಿ ಸಂಜೆಯ ಹೊತ್ತು ಬರಿದಾಗಿರುವುವು. ಅಲ್ಲಿ ಎರಡು ಗಂಟೆಗಳ ಕಾಲ ದೀಪವನ್ನು ಉರಿಸಿ, ಚಾಪೆಗಳನ್ನು ಹಾಸಿ, ಐದಾರು ಮಕ್ಕಳಿಗೊಂದರಂತೆ ಓದಿನ ಕೂಟಗಳನ್ನು ಮಾಡಿದರೆ ಸಾಕು. ಓಣಿಯಲ್ಲಿ ಕಾಲೇಜು ಮೆಟ್ಟಿದ ಹುಡುಗ ಹುಡುಗಿಯರು ವಾರಕ್ಕೊಂದು ಸಂಜೆಯನ್ನು ಕಿರಿಯರಿಗೆ ಕೊಡಲಿ. ನಿವೃತ್ತರಾದ ಉಪಾಧ್ಯಾಯರು ಬಂದು ಮೇಲ್ವಿಚಾರಣೆ ಮಾಡಲಿ. ಓದಿನ ಕೊನೆಗೆ ಪ್ರಸಾದವೂ ಇರಲಿ. ಹೆಣ್ಣುಮಕ್ಕಳಿಗೆ ಮೊದಲ ಸಾಲು ಮೀಸಲಾಗಿರಲಿ. ಬಾಗಿಲಲ್ಲಿ ಯಾರೂ ಕುಲವನ್ನು ಕೇಳದಿರಲಿ. ಯಂತ್ರಶಾಲೆಯಲ್ಲಿ ದುಡಿಯುತ್ತಲೇ ಓದನ್ನು ಮುಂದುವರಿಸಬಯಸುವ ತರುಣರಿಗೂ ಒಂದು ಕೂಟವು ಇರಲಿ. ಕಾಯಕ ಮಾಡುವವರೇ ಗೋಷ್ಠಿಯ ಮೊದಲ ಸದಸ್ಯರಾಗಿದ್ದರೆಂಬುದನ್ನು ಮರೆಯಬಾರದು.

ಮಹೋತ್ಸವಗಳಲ್ಲಿ ನಾವು ಹಿಂದಿನವರು ಕಟ್ಟಿದುದನ್ನು ಎಣಿಸುವೆವು. ಅದು ಕರ್ತವ್ಯವೇ ಸರಿ. ಮುಂದಿನ ಮಹೋತ್ಸವದ ಸಂಪುಟವನ್ನು ಬರೆಯತಕ್ಕವರು ಇಂದಿನ ನಮ್ಮ ಮಕ್ಕಳು. ಆ ದಿನ ಅವರು ತಮ್ಮ ಜೊತೆಯಲ್ಲಿ ಓದಿದ ನಾಲ್ಕಾರು ಗೆಳೆಯರ ಹೆಸರನ್ನು ಕೃತಜ್ಞತೆಯಿಂದ ಬರೆಯುವಂತಾದರೆ ಶ್ರೀಮಠವು ನಡೆಯಿಸಿದ ದಾಸೋಹವು ಸಂಪೂರ್ಣವಾಯಿತೆಂದು ತಿಳಿಯಬಹುದು. ಅಂಥ ಸಂಜೆಗಳು ಪಾಳ್ಯದ ಪ್ರತಿಯೊಂದು ಓಣಿಯ ಮಕ್ಕಳಿಗೂ ಲಭಿಸಲೆಂದು ಗುರುಬಸವೇಶ್ವರನನ್ನು ಪ್ರಾರ್ಥಿಸಿ ಈ ಲೇಖನವನ್ನು ಮುಗಿಸುವೆವು.

ಮಂಗಳಮಸ್ತು.